ಬೆಳೆ ಹೀರುವ ಇಂಗಾಲ: ಬರದ ವರ್ಷದ ಲೆಕ್ಕ ಯಾರ ಪಾಲಿಗೆ?

ಕುರುಗೋಡು ಸೀಮೆಯ ರೈತರಿಗೆ 2023 ಮತ್ತು 2024ನೆಯ ಇಸವಿಗಳನ್ನು ನೆನಪು ಮಾಡಿಕೊಡಬೇಕಾಗಿಲ್ಲ. ಮೊದಲನೆಯ ವರ್ಷ ಆಗಸ್ಟ್ ತಿಂಗಳು ಒಣಗಿಹೋಯಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ತುಂಗಭದ್ರಾ ಜಲಾಶಯ ತುಂಬಲಿಲ್ಲ. ಮರುವರ್ಷ ಜಲಾಶಯವೇನೋ ತುಂಬಿತು, ಆದರೆ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋಗಿ, ತಾತ್ಕಾಲಿಕ ತಡೆ ಇಳಿಸುವವರೆಗೆ ಸುಮಾರು ಒಂದು ವಾರ ನೀರು ನದಿಯ ಪಾಲಾಯಿತು. ಇಂಥ ಏರುಪೇರನ್ನು ರೈತ ಚೀಲದ ಲೆಕ್ಕದಲ್ಲಿ ಅಳೆಯುತ್ತಾನೆ. ಈಗ ಇನ್ನೊಂದು ಲೆಕ್ಕ ಹೊಲದ ಬದುವಿಗೆ ಬಂದು ನಿಂತಿದೆ. ಅದು ಇಂಗಾಲದ ಲೆಕ್ಕ.

ಕೇಂದ್ರ ಕೃಷಿ ಸಚಿವಾಲಯ 2024ರ ಜನವರಿಯಲ್ಲಿ ಕೃಷಿ ಕ್ಷೇತ್ರದ ಸ್ವಯಂಪ್ರೇರಿತ ಇಂಗಾಲ ಮಾರುಕಟ್ಟೆಗೆ ಒಂದು ಚೌಕಟ್ಟನ್ನು ಪ್ರಕಟಿಸಿತು. ಮಣ್ಣಿನಲ್ಲಿ ಇಂಗಾಲ ಉಳಿಸಿದ, ವಾತಾವರಣ ಬಿಸಿಮಾಡುವ ಅನಿಲಗಳನ್ನು ತಗ್ಗಿಸಿದ ರೈತನಿಗೆ ಅದರ ಬೆಲೆ ಸಿಗಬೇಕೆಂಬುದು ಆಶಯ. ಆಶಯ ಒಳ್ಳೆಯದೇ. ಆದರೆ ಅಳತೆ ಹಿಡಿಯುವುದು ಯಾವ ವರ್ಷ ಎಂಬ ಪ್ರಶ್ನೆ ನಮ್ಮಂಥ ಒಣ ಸೀಮೆಯಲ್ಲಿ ಸಣ್ಣದಲ್ಲ.

ಗಿಡ ಎಲೆಯ ಸೂಕ್ಷ್ಮ ರಂಧ್ರಗಳ ಮೂಲಕ ಗಾಳಿಯ ಇಂಗಾಲಾಮ್ಲವನ್ನು ಒಳಗೆಳೆದು, ಬಿಸಿಲಿನ ಬಲದಿಂದ ಆಹಾರ ಮಾಡಿಕೊಳ್ಳುತ್ತದೆ. ಒಣಗಿದ ದಂಟಿನ ತೂಕದಲ್ಲಿ ನೂರಕ್ಕೆ ಸುಮಾರು 40ರಿಂದ 45 ಪಾಲು ಇಂಗಾಲವೇ. ಆದರೆ ಅದೇ ರಂಧ್ರದಿಂದ ನೀರೂ ಆವಿಯಾಗಿ ಹೊರಹೋಗುತ್ತದೆ. ತೇವ ಕಡಿಮೆಯಾದಾಗ ಗಿಡ ಬಾಗಿಲು ಮುಚ್ಚಿಕೊಳ್ಳುತ್ತದೆ. ನೀರು ಉಳಿಯುತ್ತದೆ, ಊಟ ನಿಲ್ಲುತ್ತದೆ.

ಎಲ್ಲ ಬೆಳೆಯೂ ಒಂದೇ ರೀತಿಯಲ್ಲ. ಜೋಳ, ಸಜ್ಜೆ, ಮೆಕ್ಕೆಜೋಳಗಳು ಇಂಗಾಲಾಮ್ಲವನ್ನು ಎಲೆಯೊಳಗೆ ಒತ್ತಾಗಿ ಕೂಡಿಸಿಕೊಂಡು ಬಳಸುತ್ತವೆ. ಆದ್ದರಿಂದ ರಂಧ್ರವನ್ನು ಅರೆ ತೆರೆದರೂ ಅವುಗಳ ಕೆಲಸ ಸಾಗುತ್ತದೆ. ನೆಲ್ಲು, ಹತ್ತಿ, ಮೆಣಸಿನಗಿಡಗಳಿಗೆ ಈ ಸೌಕರ್ಯವಿಲ್ಲ. ಎರೆ ಹೊಲದಲ್ಲಿ ಹಿಂಗಾರಿಗೆ ಬಿತ್ತಿದ ಬಿಳಿಜೋಳ ಬರೀ ನೆಲದ ಹಸಿಯ ಮೇಲೆ ತೆನೆ ಕಟ್ಟುವುದು ಎರೆಯ ಗುಣದಿಂದ ಮಾತ್ರವಲ್ಲ, ಬೆಳೆಯ ಈ ಗುಣದಿಂದಲೂ ಹೌದು. ಮಸಾರಿ ನೆಲ ಅಷ್ಟು ದಿನ ಹಸಿ ಹಿಡಿಯಲಾರದು.

ಕಾಲುವೆಯ ನೆಲ್ಲಿಗೆ ನೀರಿದೆಯಲ್ಲ ಎನ್ನಬಹುದು. ನೀರಿದ್ದರೂ ಹವೆ ಬಿಡುವುದಿಲ್ಲ. ಮೋಡ ಮುಚ್ಚಿದ ದಿನಗಳು ಹೆಚ್ಚಾದರೆ ಬಿಸಿಲು ಸಾಲದೆ ಕಾಳು ಜೊಳ್ಳಾಗುತ್ತದೆ. ರಾತ್ರಿ ಸೆಕೆ ಹೆಚ್ಚಾದರೆ, ಹಗಲು ಗಳಿಸಿದ್ದನ್ನು ಬೆಳೆ ಉಸಿರಾಟದಲ್ಲೇ ಹೆಚ್ಚು ಕಳೆಯುತ್ತದೆ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಹೊಲಗಳಲ್ಲಿ ಬೇಸಿಗೆ ಬೆಳೆಯ ರಾತ್ರಿಯ ಕನಿಷ್ಠ ಉಷ್ಣತೆ 1 ಡಿಗ್ರಿ ಏರಿದಾಗ ಇಳುವರಿ ಶೇಕಡ 10ರಷ್ಟು ಇಳಿದಿದ್ದುದು 2004ರಲ್ಲಿ ಪ್ರಕಟವಾಯಿತು.

ಇನ್ನು ನೆಲದ ಉಸಿರು. ಬಹುದಿನ ಒಣಗಿದ ಹೊಲದ ಮೇಲೆ ನಾಲ್ಕು ಹನಿ ಬಿದ್ದರೆ ಮೊದಲು ಎಚ್ಚರಗೊಳ್ಳುವುದು ಗಿಡವಲ್ಲ, ಮಣ್ಣಿನ ಸೂಕ್ಷ್ಮಜೀವಿಗಳು. ಅವು ಸಾವಯವ ಅಂಶವನ್ನು ತಿಂದು ಇಂಗಾಲಾಮ್ಲ ಹೊರಬಿಡುತ್ತವೆ. ಬಿಡಿಬಿಡಿಯಾಗಿ ಬಿದ್ದು ನಿಂತುಹೋಗುವ ಸಣ್ಣ ಮಳೆಯಿಂದ ನೆಲಕ್ಕೆ ಇಂಗಾಲದ ಗಳಿಕೆಗಿಂತ ನಷ್ಟವೇ ಹೆಚ್ಚಾಗುವುದುಂಟು. ವರ್ಷದ ಒಟ್ಟು ಮಳೆ ಅಷ್ಟೇ ಇದ್ದರೂ ಹದವಾಗಿ ಬಿದ್ದ ವರ್ಷ ಬೇರೆ, ಹದ ತಪ್ಪಿ ಬಿದ್ದ ವರ್ಷ ಬೇರೆ.

ಕುರುಗೋಡಿನ ಕಲ್ಲುಗುಡ್ಡಗಳ ಕುರುಚಲು ಮಳೆಗಾಲದಲ್ಲಿ ಹಸಿರಾಗಿ ಬೇಸಿಗೆಗೆ ಬೋಳಾಗುತ್ತದೆ. ನಾಡೆಲ್ಲ ‘ಬಳ್ಳಾರಿ ಜಾಲಿ’ ಎಂದು ನಮ್ಮೂರ ಹೆಸರಿನಿಂದಲೇ ಬೈಯುವ ಜಾಲಿ ಮಾತ್ರ ಬೇರು ಆಳಕ್ಕಿಳಿಸಿ ಬರದಲ್ಲೂ ಹಸಿರಾಗಿರುತ್ತದೆ. ಇಂಗಾಲ ಒಂದನ್ನೇ ನೋಡಿದರೆ ಅದು ಗೆದ್ದಂತೆ. ದನ ಮೇಯುವ ಹುಲ್ಲುಗಾವಲನ್ನು ನುಂಗಿದ ಲೆಕ್ಕ ಅದರಲ್ಲಿ ಬರುವುದಿಲ್ಲ.

ನಮ್ಮಂಥ ಒಣ ಸೀಮೆಗಳ ಈ ಏರಿಳಿತ ಜಗತ್ತಿನ ಗಾಳಿಯಲ್ಲೇ ಕಾಣಿಸುತ್ತದೆ. 2011ರಲ್ಲಿ ಭೂಮಿಯ ಸಸ್ಯಗಳು ಎಂದಿಗಿಂತ ಬಹಳ ಹೆಚ್ಚು ಇಂಗಾಲ ಹೀರಿದ್ದವು. ಅದರಲ್ಲಿ ದೊಡ್ಡ ಪಾಲು, ಭಾರೀ ಮಳೆ ಕಂಡ ಆಸ್ಟ್ರೇಲಿಯದ ಒಣ ಪ್ರದೇಶದ್ದು. ಮಳೆ ಹಿಂದೆ ಸರಿದಾಗ ಆ ಗಳಿಕೆ ಉಳಿಯಲಿಲ್ಲ. ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ 2023ರಿಂದ 2024ಕ್ಕೆ ಗಾಳಿಯ ಇಂಗಾಲಾಮ್ಲ ಹತ್ತು ಲಕ್ಷಕ್ಕೆ 3.5 ಪಾಲು ಏರಿತು. ಅಳತೆ ಆರಂಭವಾದಂದಿನಿಂದ ಅಂಥ ಏರಿಕೆ ಆಗಿರಲಿಲ್ಲ.

ಹೀಗಿರುವಾಗ ಇಂಗಾಲದ ಕರಾರು ಹಿಡಿದು ಬರುವವರನ್ನು ರೈತರು ಕೆಲವು ಮಾತು ಕೇಳಲೇಬೇಕು. ಮೊದಲ ಅಳತೆ ಒಳ್ಳೆಯ ಮಳೆಯ ವರ್ಷ ಆದರೆ ಮುಂದಿನ ಬರದ ವರ್ಷ ಕೊರತೆ ಯಾರ ಮೇಲೆ? ಕೊಟ್ಟ ಹಣ ಹಿಂದಕ್ಕೆ ಕೇಳುವರೇ? ಗುತ್ತಿಗೆ ಹೊಲದಲ್ಲಿ ದುಡಿದವನಿಗೆ ಹಣವೋ, ಪಹಣಿಯಲ್ಲಿ ಹೆಸರಿದ್ದವನಿಗೋ? ನೆಲ್ಲಿಗೆ ನೀರನ್ನು ಆಗಾಗ ಬಸಿದು ಕಟ್ಟಿದರೆ ಮೀಥೇನ್ ಅನಿಲ ಕಡಿಮೆಯಾಗುವುದು ನಿಜ. ಕಾಲುವೆಯ ಕೊನೆಯಂಚಿನವರು ಈ ಪದ್ಧತಿಯನ್ನು ಯಾರೂ ಹೇಳದೆಯೇ ಪಾಲಿಸುತ್ತ ಬಂದಿದ್ದಾರೆ! ಅವರು ಬೇಕೆಂದು ಒಣಗಿಸಿದ್ದಲ್ಲ, ನೀರು ತಲುಪದೆ ಒಣಗಿದ್ದು. ಕರಾರಿನಲ್ಲಿ ಈ ಎರಡನ್ನೂ ಬೇರೆ ಮಾಡಿ ಬರೆಯಬೇಕು.

ಅಲ್ಲಿಯವರೆಗೆ ಕಾಯದೆ ಮಾಡಬಹುದಾದದ್ದೂ ಇದೆ. ಯಂತ್ರದ ಕೊಯ್ಲಾದ ಮೇಲೆ ನೆಲ್ಲಿನ ಹುಲ್ಲಿಗೆ ಬೆಂಕಿ ಇಟ್ಟರೆ ನಾಲ್ಕು ತಿಂಗಳು ಬೆಳೆ ಹೀರಿದ ಇಂಗಾಲದ ದೊಡ್ಡ ಪಾಲು ಒಂದೇ ಸಂಜೆಯಲ್ಲಿ ಗಾಳಿಗೆ ಹೋಗುತ್ತದೆ. ಬಣವೆಗೆ ಬೇಡವಾದ ಹುಲ್ಲನ್ನು ಮಣ್ಣಿಗೆ ಸೇರಿಸಿದರೆ ಮುಂದಿನ ಬೆಳೆಗೆ ನೆಲ ಹಸಿ ಹಿಡಿಯುವ ಶಕ್ತಿಯಾದರೂ ಹೆಚ್ಚುತ್ತದೆ.