ಹಳೆಯ ಲ್ಯಾಪ್‌ಟಾಪಿಗೆ ಹೊಸ ಭಂಡಾರ

ಮಂಡ್ಯ, ಮದ್ದೂರು, ಮಳವಳ್ಳಿಗಳ ಭಕ್ತರ ಮನೆಗಳಲ್ಲಿ ಈಚೆಗೆ ನಾವು ಒಂದೇ ಬಗೆಯ ಮಾತನ್ನು ಕೇಳುತ್ತಿದ್ದೇವೆ. ಹಿರಿಯ ಮಗನ ವ್ಯಾಸಂಗಕ್ಕೆಂದು ಹತ್ತು ಹನ್ನೆರಡು ವರ್ಷಗಳ ಹಿಂದೆ ಕಬ್ಬಿನ ಹಣದಲ್ಲಿ ಕೊಂಡ ಲ್ಯಾಪ್‌ಟಾಪ್ ಬೀರುವಿನ ಮೇಲೆ ಧೂಳು ಹಿಡಿದಿರುತ್ತದೆ. "ಅದು ಶುರುವಾಗೋದಕ್ಕೇ ಹತ್ತು ನಿಮಿಷ ಬೇಕು ಬುದ್ಧಿ, ಮಗಳಿಗೆ ಹೊಸದೇ ಕೊಡಿಸಬೇಕು" ಎನ್ನುತ್ತಾರೆ. ಸಾಲ ಮಾಡುವ ಮುನ್ನ ಈ ನಾಲ್ಕು ಮಾತುಗಳನ್ನು ಲಾಲಿಸಬೇಕು.

ಅನೇಕ ವೇಳೆ ಸೋತಿರುವುದು ಯಂತ್ರವಲ್ಲ, ಅದರೊಳಗಿನ ಹಾರ್ಡ್ ಡಿಸ್ಕ್. ತಟ್ಟೆಗಳು ತಿರುಗುವ ಈ ಭಂಡಾರವನ್ನು ಐ.ಬಿ.ಎಂ. ಸಂಸ್ಥೆ ಮೊದಲು ಹೊರತಂದದ್ದು 1956ರಲ್ಲಿ. ಆಗ 50 ತಟ್ಟೆಗಳಲ್ಲಿ ಹಿಡಿದದ್ದು 50 ಲಕ್ಷ ಅಕ್ಷರ ಮಾತ್ರ. ಹಳೆಯ ಲ್ಯಾಪ್‌ಟಾಪುಗಳಲ್ಲಿ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಬೇಕಾದ ಮಾಹಿತಿಯನ್ನು ಒಂದು ಕಡ್ಡಿ ಅತ್ತಿತ್ತ ಸರಿದು ಹುಡುಕುತ್ತದೆ. ನಾಲೆ ತುಂಬಿ ಹರಿದರೂ ತೂಬು ಕಿರಿದಾದರೆ ಗದ್ದೆ ಕಾಯಲೇಬೇಕಷ್ಟೆ. ಎಸ್.ಎಸ್.ಡಿ. ಎಂಬ ಹೊಸ ಭಂಡಾರದಲ್ಲಿ ತಿರುಗುವ ಭಾಗವೇ ಇಲ್ಲ; ಆದುದರಿಂದ ಹುಡುಕಾಟ ಕ್ಷಣಾರ್ಧದ್ದು.

ಕೊಳ್ಳುವಾಗ ಲ್ಯಾಪ್‌ಟಾಪನ್ನೇ ಅಂಗಡಿಗೆ ಒಯ್ಯುವುದು ಲೇಸು. ಹಳೆಯವುಗಳಿಗೆ ಬಹುತೇಕ ಎರಡೂವರೆ ಅಂಗುಲದ ಸಾಟಾ ಮಾದರಿ ಹೊಂದುತ್ತದೆ. 256 ಅಥವಾ 512 ಜಿ.ಬಿ. ಮನೆಬಳಕೆಗೆ ಸಾಕು.

ಆದರೆ ತಿರುಪು ಬಿಚ್ಚುವ ಮೊದಲು ಒಳಗಿರುವುದನ್ನೆಲ್ಲ ಬೇರೆಡೆ ಪ್ರತಿ ಮಾಡಿಕೊಳ್ಳಬೇಕು. ಅಜ್ಜಿಯ ಕಡೆಯ ಭಾವಚಿತ್ರ, ಮದುವೆಯ ಲೆಕ್ಕ, ಯಜಮಾನರು ಸಂಜೆ ಕುಳಿತು ಬೆರಳಚ್ಚಿಸಿದ ವಚನಗಳು ಇರುವುದು ಅಲ್ಲಿಯೇ. ವಚನಗಳು ಯೂನಿಕೋಡಿಗೆ ಮುಂಚಿನ ನುಡಿ ಅಥವಾ ಬರಹದ ಅಕ್ಷರಗಳಲ್ಲಿದ್ದರೆ ಆ ಫಾಂಟನ್ನೂ ಜೊತೆಗೆ ಉಳಿಸಬೇಕು. ಇಲ್ಲವಾದರೆ ಕಡತ ತೆರೆದರೂ ಕಾಣುವುದು ಅರ್ಥವಿಲ್ಲದ ಗುರುತುಗಳೇ. ಹಳೆಯ ಡಿಸ್ಕಿನಿಂದ ಕಟಕಟ ಸದ್ದು ಬರುತ್ತಿದ್ದರಂತೂ ಮತ್ತೆ ಮತ್ತೆ ಚಾಲೂ ಮಾಡಿ ಪರೀಕ್ಷಿಸಬಾರದು, ಬಲ್ಲವರಿಗೆ ಒಪ್ಪಿಸಬೇಕು.

ಇದರಿಂದ ಎಲ್ಲವೂ ಹೊಸದಾಗುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ತನ್ನ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ವಿಂಡೋಸ್ 11 ಅನೇಕ ಹಳೆಯ ಯಂತ್ರಗಳನ್ನು ಒಪ್ಪದು. ಅಂಥಲ್ಲಿ ಬೆಲೆಯಿಲ್ಲದೆ ದೊರೆಯುವ ಲಿನಕ್ಸ್ ಹಾಕಿಸಬಹುದು. ಮಗಳ ಓದು ಬರಹಕ್ಕೆ, ಪಾಠ ಕೇಳುವುದಕ್ಕೆ ಅದು ಧಾರಾಳವಾಗಿ ಒದಗುತ್ತದೆ.

ತೆಗೆದ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರತಕ್ಕದ್ದಲ್ಲ. ಅಳಿಸಿದೆವೆಂದುಕೊಂಡ ಆಧಾರ್ ಪ್ರತಿ, ಪಾಸ್‌ಬುಕ್ಕಿನ ಪುಟಗಳನ್ನು ತಿಳಿದವರು ಅದರಿಂದ ಮರಳಿ ಎತ್ತಬಲ್ಲರು. ಒಂದು ಬಟ್ಟೆಯಲ್ಲಿ ಸುತ್ತಿ, ತೇವ ತಾಗದಂತೆ, ಮನೆಯ ಪತ್ರಗಳ ಪೆಟ್ಟಿಗೆಯಲ್ಲಿಯೇ ಇಡಬೇಕು.