ಹೊಗೆ ಕಾಣದಿದ್ದರೆ ಶುದ್ಧವೇ?

ವಾಹನ ಮಾಲಿನ್ಯದ ವಿಷಯದಲ್ಲಿ ನಮ್ಮ ದೇಶ ಬಹುಕಾಲ ಎರಡು ಅಳತೆಗೋಲುಗಳನ್ನು ಇಟ್ಟುಕೊಂಡಿತ್ತು. ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ 1995ರ ಏಪ್ರಿಲ್‌ನಲ್ಲಿ ಕಡ್ಡಾಯವಾದದ್ದು ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳಲ್ಲಿ ಮಾತ್ರ. 2010ರಲ್ಲಿ ಬಿಎಸ್–4 ಮಾನದಂಡ ಬಂದಾಗಲೂ ಮೊದಲ ಮಣೆ ಬೆಂಗಳೂರು, ಹೈದರಾಬಾದ್‌ನಂಥ ಮಹಾನಗರಗಳಿಗೆ. ಅದು ಇಡೀ ದೇಶವನ್ನು ಆವರಿಸಲು 2017ರ ಏಪ್ರಿಲ್ ಬರಬೇಕಾಯಿತು. 2020ರ ಏಪ್ರಿಲ್‌ನಲ್ಲಿ ಜಾರಿಯಾದ ಬಿಎಸ್–6 ಮಾತ್ರ ಈ ಭೇದವನ್ನು ಅಳಿಸಿತು. ಬೀದರ್ ತಾಲ್ಲೂಕಿನ ಬಗದಲ್‌ಗೂ ಬೆಂಗಳೂರಿಗೂ ಈಗ ಕಾನೂನು ಒಂದೇ. ಆದರೆ ಆ ಕಾನೂನಿನ ಭಾರ ಹೊತ್ತಿರುವ ಉಪಕರಣ ಕೆಟ್ಟಾಗ ಅದನ್ನು ಗುರುತಿಸುವವರು ಯಾರು?

ಕನ್ವರ್ಟರ್ ಇರುವುದು ಎಂಜಿನ್ ಮತ್ತು ಸೈಲೆನ್ಸರ್ ನಡುವೆ. ಬಿದರಿ ಕುಶಲಕರ್ಮಿ ಕಪ್ಪು ಲೋಹದ ಮೈಗೆ ಬೆಳ್ಳಿ ಎಳೆಯನ್ನು ಕೂರಿಸಿದಂತೆ, ಇಲ್ಲಿ ಜೇನುಗೂಡಿನಂಥ ಪಿಂಗಾಣಿಯ ಮೈಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಳ ತೆಳು ಲೇಪನವಿರುತ್ತದೆ. ವಿಷಕಾರಿ ಕಾರ್ಬನ್ ಮೊನಾಕ್ಸೈಡ್, ಉರಿಯದ ಇಂಧನ ಹಾಗೂ ನೈಟ್ರೋಜನ್ ಆಕ್ಸೈಡ್‌ಗಳು ಇದರ ಮೂಲಕ ಹಾಯುವಾಗ ಬಹುಮಟ್ಟಿಗೆ ನಿರಪಾಯಕಾರಿ ಅನಿಲಗಳಾಗುತ್ತವೆ. ಇದು ಕೆಟ್ಟರೆ ಕಣ್ಣಿಗೆ ಹೊಗೆ ಕಾಣಲೇಬೇಕೆಂದಿಲ್ಲ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಆದರೂ ಲಕ್ಷಣಗಳು ಇವೆ. ಏರು ಹತ್ತುವಾಗ, ಮುಂದಿನ ವಾಹನವನ್ನು ಹಿಂದಿಕ್ಕುವಾಗ ಕಾರು ಉಸಿರು ಕಟ್ಟಿದಂತೆ ಸೊರಗುವುದು, ಮೈಲೇಜ್ ಇಳಿಯುವುದು ಕನ್ವರ್ಟರ್ ಕಟ್ಟಿಕೊಂಡಿರಬಹುದೆಂಬ ಸೂಚನೆ. ಕಾರಿನ ಅಡಿಯಲ್ಲಿ ಗಡಗಡ ಸದ್ದು ಬಂದರೆ ಒಳಗಿನ ಜೇನುಗೂಡು ಒಡೆದಿರಬಹುದು. ಕೊಳೆತ ಮೊಟ್ಟೆಯ ವಾಸನೆ ಹಳೆಯ ಗುರುತು. ಬಿಎಸ್–6 ಇಂಧನದಲ್ಲಿ ಗಂಧಕದ ಮಿತಿ 50ರಿಂದ 10 ಪಿಪಿಎಂಗೆ ಇಳಿದಿರುವುದರಿಂದ, ವಾಸನೆ ಇಲ್ಲವೆಂದು ನೆಮ್ಮದಿಯಿಂದಿರುವಂತಿಲ್ಲ. ಡ್ಯಾಶ್‌ಬೋರ್ಡಿನ ಎಂಜಿನ್ ದೀಪ ಉರಿದರೆ ತಪಾಸಣೆ ಮಾಡಿಸಬೇಕು. ಅದು ಮಿನುಗತೊಡಗಿದರೆ ವಿಳಂಬ ಸಲ್ಲದು: ಸಿಲಿಂಡರಿನಲ್ಲಿ ಉರಿಯದ ಇಂಧನ ಕನ್ವರ್ಟರಿನೊಳಗೆ ಉರಿಯುತ್ತಿದೆ ಎಂದರ್ಥ. ಅಂಥ ಸ್ಥಿತಿಯಲ್ಲಿ ಒಣಹುಲ್ಲಿನ ಮೇಲೆ, ರಸ್ತೆಯಲ್ಲಿ ಹರಡಿದ ತೊಗರಿ ಕಟ್ಟಿಗೆಯ ಮೇಲೆ ಕಾರು ನಿಲ್ಲಿಸುವುದು ಬೆಂಕಿಗೆ ಆಹ್ವಾನ.

ಕನ್ವರ್ಟರ್ ತಾನಾಗಿಯೇ ಸಾಯುವುದು ಕಡಿಮೆ. ಅದನ್ನು ಕೊಲ್ಲುವುದು ಬೇರೆ ರೋಗ. ಸವೆದ ಸ್ಪಾರ್ಕ್ ಪ್ಲಗ್, ಎಂಜಿನ್ನಿನೊಳಗೆ ಉರಿದುಹೋಗುವ ಆಯಿಲ್, ಕಲಬೆರಕೆ ಪೆಟ್ರೋಲ್ ಇದಕ್ಕೆ ಮೂಲ. ಸುಮಾರು 250–300 ಡಿಗ್ರಿ ಸೆಲ್ಸಿಯಸ್ ಕಾದ ಮೇಲಷ್ಟೇ ಅದು ಸರಿಯಾಗಿ ಕೆಲಸ ಮಾಡುವುದರಿಂದ, ಸಂತೆಗೆ, ಶಾಲೆಗೆಂದು ಎರಡು ಮೂರು ಕಿಲೊಮೀಟರ್ ಓಡಿ ನಿಲ್ಲುವ ಕಾರಿನಲ್ಲಿ ಅದರ ಪ್ರಯೋಜನವೂ ಅಷ್ಟಕ್ಕಷ್ಟೆ. ಮೂಲ ದೋಷ ಸರಿಪಡಿಸದೆ ಹೊಸತನ್ನು ಹಾಕಿಸಿದರೆ ಅದಕ್ಕೂ ಅದೇ ಗತಿ.

ಹೊಸ ಕನ್ವರ್ಟರ್ ದುಬಾರಿ. ಒಳಗಿನ ಗೂಡನ್ನು ಒಡೆದು ತೆಗೆದು ಖಾಲಿ ಡಬ್ಬಿಯನ್ನು ಮತ್ತೆ ಕೂರಿಸುವ ಅಡ್ಡದಾರಿ ಹುಟ್ಟುವುದು ಇಲ್ಲಿಂದಲೇ. ಕಾರು ಮತ್ತೆ ಹುಮ್ಮಸ್ಸಿನಿಂದ ಓಡುತ್ತದೆ; ಮಾಲೀಕನಿಗೆ ಉಳಿತಾಯ, ಹಿಂದೆ ಬರುವ ಬೈಕ್ ಸವಾರನಿಗೆ ವಿಷ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 182ಎ ಕಲಮು, ವಾಹನವನ್ನು ಕಾನೂನುಬಾಹಿರವಾಗಿ ಮಾರ್ಪಡಿಸುವ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ಆದರೆ ಕಾರಿನಡಿ ಬಗ್ಗಿ ನೋಡುವವರಿಲ್ಲದಿದ್ದರೆ ಕಲಮು ಕಾಗದದಲ್ಲೇ ಉಳಿಯುತ್ತದೆ.

ಮಾಲಿನ್ಯ ತಪಾಸಣೆ ಪ್ರಮಾಣಪತ್ರವೂ ಪೂರ್ಣ ಭರವಸೆಯಲ್ಲ. ಈ ತಪಾಸಣೆಯಲ್ಲಿ ನೈಟ್ರೋಜನ್ ಆಕ್ಸೈಡ್ ಅಳೆಯುವುದೇ ಇಲ್ಲ. ಬಿಎಸ್–4 ಮತ್ತು ನಂತರದ ಪೆಟ್ರೋಲ್ ಕಾರುಗಳನ್ನು ನಿಮಿಷಕ್ಕೆ ಸುಮಾರು 2,500 ಸುತ್ತಿನ ವೇಗದಲ್ಲೂ ಪರೀಕ್ಷಿಸಬೇಕೆಂಬ ನಿಯಮವಿದೆ. ಅಲ್ಲಿ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ 0.2. ಈ ಪರೀಕ್ಷೆ ನಡೆಯಿತೇ ಎಂದು ಕೇಳುವುದು ಮಾಲೀಕನ ಹಕ್ಕು, ನಡೆಸುವುದು ಕೇಂದ್ರದ ಹೊಣೆ.

ಬೀದರ್‌ನ ಒಂದು ಬದಿ ತೆಲಂಗಾಣ, ಇನ್ನೊಂದು ಬದಿ ಮಹಾರಾಷ್ಟ್ರ. ಜಹೀರಾಬಾದ್, ಉದಗೀರ್ ಕಡೆಯಿಂದ ಬರುವ ಹಳೆಯ ಕಾರು ಬೀದರ್‌ನಲ್ಲಿ ಕೆಎ–38 ಅಥವಾ ಭಾಲ್ಕಿಯಲ್ಲಿ ಕೆಎ–39 ಸಂಖ್ಯೆ ಪಡೆಯುವ ಮುನ್ನ ಕನ್ವರ್ಟರ್ ಇದೆಯೇ, ಕೆಲಸ ಮಾಡುತ್ತಿದೆಯೇ ಎಂಬುದನ್ನು ಸ್ಕ್ಯಾನರ್ ಹಚ್ಚಿ ನೋಡುವುದು ಸಾರಿಗೆ ಕಚೇರಿಗೆ ಕಷ್ಟದ ಕೆಲಸವೇನಲ್ಲ. ಒಂದೇ ಕಾನೂನು ತಂದ ಸರ್ಕಾರ, ಔರಾದ್‌ನ ಗಾಳಿಗೂ ರಾಜಧಾನಿಯ ಗಾಳಿಗೂ ಒಂದೇ ಬೆಲೆ ಕಟ್ಟುತ್ತದೆಯೇ ಎಂಬುದು ಇಂಥ ಸಣ್ಣ ತಪಾಸಣೆಗಳಲ್ಲೇ ತಿಳಿಯುತ್ತದೆ.