ದೆವ್ವ ಅಗ್ಗ, ಟಿಕೆಟು ತುಟ್ಟಿ

ದೆವ್ವದ ಚಿತ್ರ ದುಡಿಯುವವರ ಬುದ್ಧಿ ಮಂಕು ಮಾಡುತ್ತದೆಂದು ನಮ್ಮ ಸಂಗಾತಿಗಳೇ ಕೆಲವರು ಮೂಗು ಮುರಿಯುತ್ತಾರೆ. ನಾವೊಪ್ಪುವುದಿಲ್ಲ. ‘ನಮೋ ಭೂತಾತ್ಮ’ 2014ರಲ್ಲಿ ತಮಿಳಿನಿಂದ ಬಂದದ್ದು. ಒಂಬತ್ತು ವರ್ಷ ಮಲಗಿದ್ದ ಆ ಭೂತವನ್ನು ಅದೇ ಮುರಳಿ, ಅದೇ ಕೋಮಲ್ 2023ರಲ್ಲಿ ಎಬ್ಬಿಸಿದರು. ಸಣ್ಣ ಬಂಡವಾಳ, ದೊಡ್ಡ ಕಿರುಚಾಟ, ಇರಲಿ. ದಿನವೆಲ್ಲ ಮಗ್ಗದ ಮುಂದೆ ಕುಳಿತ ಬೆಟಗೇರಿಯ ನೇಕಾರ ದೆವ್ವವನ್ನು ಕಂಡು ನಕ್ಕರೆ ಅಷ್ಟು ಅಂಜಿಕೆ ಕಳೆಯಿತು.

ನಮ್ಮ ತಕರಾರು ಟಿಕೆಟಿನದು. 2025ರ ಸೆಪ್ಟೆಂಬರಿನಲ್ಲಿ ಸರಕಾರ 200 ರೂಪಾಯಿಯ ಮಿತಿ ಹಾಕಿತು, ತೆರಿಗೆ ಬೇರೆ. ಮಲ್ಟಿಪ್ಲೆಕ್ಸಿನವರು, ನಿರ್ಮಾಪಕರು ಹೈಕೋರ್ಟಿಗೆ ಹೋಗಿ ಅದೇ ತಿಂಗಳು ತಡೆ ತಂದರು. ಆ 200 ಆದರೂ ನಮಗೆ ಅಗ್ಗವೆ? ಗಂಡ, ಹೆಂಡತಿ, ಎರಡು ಮಕ್ಕಳೆಂದರೆ 800. ಮುಂಡರಗಿಯಿಂದ ಬರುವ ಹೆಂಗಸಿಗೆ ಬಸ್ಸೇನೋ ಪುಕ್ಕಟೆ. ಗಂಡಸು ಚಾರ್ಜು ಕೊಡಬೇಕು. ಸಣ್ಣ ಬಂಡವಾಳದ ಕನ್ನಡ ಚಿತ್ರಕ್ಕೆ 100ರ ಮಿತಿ ಹಾಕಿರೆಂದು ನಾವು ಕೇಳುತ್ತೇವೆ.